ಓಬಳಪ್ಪನಿಗೆ ನರೆ ಬರಿಸಿದ ಷಡಕ್ಷರಿಯವರು

ಮುಖದ ಫೋಟೋ ತೆಗೆಯುವ ಕಲೆ ಕಡೂರು ಸೀಮೆಯಲ್ಲಿ ಶ್ರೀ ಷಡಕ್ಷರಿಯವರಿಗಿಂತ ಮೊದಲೂ ಇತ್ತೆಂದು ವಾದಿಸುವವರು ಕೆಲವರಿದ್ದಾರಂತೆ. ಅವರ ಫೋಟೋವನ್ನು ಷಡಕ್ಷರಿಯವರು ತೆಗೆದಿಲ್ಲವಾದ್ದರಿಂದ ಅಂಥವರು ಇದ್ದಾರೆಂಬುದಕ್ಕೇ ಆಧಾರವಿಲ್ಲ. ೧೯೭೧ರಲ್ಲಿ ಕಡೂರಿನ ಸ್ಟೇಷನ್ ರಸ್ತೆಯಲ್ಲಿ ಸ್ಟುಡಿಯೋ ತೆರೆದ ಈ ಮಹನೀಯರು ಈಗ, ೧೯೮೯ರಲ್ಲಿ, ವಿಶ್ರಾಂತಿಗೆ ಹೊರಟಿದ್ದಾರೆ. ಕಡೂರು, ತರೀಕೆರೆ, ಅಜ್ಜಂಪುರಗಳ ಮನೆಗೋಡೆಗಳು ನಿಂತಿರುವುದು ಗಾರೆಯಿಂದಲ್ಲ, ಅವರು ತೆಗೆದ ಫೋಟೋ ತೂಗುಹಾಕಲು ಹೊಡೆದ ಮೊಳೆಗಳಿಂದ. ಮನುಷ್ಯರನ್ನು ಕಂಡರೆ ಕೊಂಬು ಮುಂದೆ ಮಾಡುವ ಎಮ್ಮೆದೊಡ್ಡಿ ಕಾವಲಿನ ಹೋರಿ, ಅವರು "ಗಲ್ಲ ಸ್ವಲ್ಪ ಮೇಲೆ" ಎಂದ ಕೂಡಲೇ ಗಲ್ಲ ಎತ್ತಿ ನಿಂತದ್ದನ್ನು ಕಂಡವರು ಇನ್ನೂ ಬದುಕಿದ್ದಾರೆ.

ಅವರ ಖ್ಯಾತಿಯೆಲ್ಲ ಟಚಿಂಗ್ ಪೆನ್ಸಿಲಿನದು. ನೆಗೆಟಿವ್ ಮೇಲೆ ಕೂದಲೆಳೆಯಷ್ಟು ಸಣ್ಣಗೆ ಗೀಚಿ ಸಿಡುಬಿನ ಕಲೆ, ಕಣ್ಣಡಿಯ ಕಪ್ಪು, ಮುಖದ ಸುಕ್ಕು ಎಲ್ಲವನ್ನೂ ಅಳಿಸಿಬಿಡುತ್ತಿದ್ದರು. ತರೀಕೆರೆಯ ಷಣ್ಮುಖಪ್ಪನವರು ತಮ್ಮ ಅರವತ್ತರ ಫೋಟೋ ನೋಡಿಕೊಂಡು ಇನ್ನೊಂದು ಮದುವೆಗೆ ಹೆಣ್ಣು ಹುಡುಕಲು ಹೊರಟೇಬಿಟ್ಟಿದ್ದರು.

೧೯೭೮ರಲ್ಲಿ ಅಜ್ಜಂಪುರದ ಭಾಗಮ್ಮನವರು ಬಂದರು. ಐವತ್ತರ ಆಸುಪಾಸು. ಗಂಡ ಓಬಳಪ್ಪ ಮದುವೆಯಾದ ವರ್ಷವೇ ಕೆಮ್ಮಣ್ಣುಗುಂಡಿಯ ಅದಿರಿನ ಕೆಲಸಕ್ಕೆ ಹೋಗಿ ಜ್ವರದಲ್ಲಿ ತೀರಿಕೊಂಡಿದ್ದ. ಇಬ್ಬರೂ ಜೊತೆಗೆ ಕೂತ ಫೋಟೋ ಒಂದೂ ಇರಲಿಲ್ಲ. ಅವನ ಹಳೆಯ ಫೋಟೋವನ್ನು ತಮ್ಮ ಪಕ್ಕಕ್ಕೆ ಕೂಡಿಸಿಕೊಡಬೇಕೆಂಬುದು ಆಕೆಯ ಆಸೆ. ಷಡಕ್ಷರಿಯವರು ಕೂಡಿಸಿದರು, ಅಭ್ಯಾಸಬಲದಿಂದ ಓಬಳಪ್ಪನ ಎಳೆಯ ಮುಖವನ್ನು ಇನ್ನಷ್ಟು ನುಣುಪು ಮಾಡಿಯೇ ಕಳಿಸಿದರು.

ವಾರದೊಳಗೆ ಭಾಗಮ್ಮ ಫೋಟೋ ಸಮೇತ ವಾಪಸ್ಸು.

"ಪಕ್ಕದ್ಮನೆ ಈರಕ್ಕ ಏನಂದ್ಲು ಗೊತ್ತಾ ಸ್ವಾಮಿ? 'ಮಗನ ಜತೆ ಚೆನ್ನಾಗ್ ಬಂದಿದ್ದೀಯ ಕಣೇ, ಯಾವಾಗ ಹೆತ್ತೆ?' ಅಂದ್ಲು. ನಂಗೆ ಮಗ ಬ್ಯಾಡ, ಗಂಡ ಬೇಕು."

ಜೀವಮಾನದಲ್ಲಿ ಮೊದಲ ಸಲ ಷಡಕ್ಷರಿಯವರು ಒಂದು ಮುಖಕ್ಕೆ ಮುಪ್ಪು ಬರೆಯಲು ಕೂತರು. ಬಾರದೇ ಹೋದ ಮುಪ್ಪು ಹೇಗಿರುತ್ತದೆಂದು ಯಾರನ್ನು ಕೇಳುವುದು? ಆಕೆಯನ್ನೇ ಕೇಳಿದರು.

"ಕೂದ್ಲು ಉದುರಿರ್ತಿತ್ತೇನಮ್ಮಾ?"

"ಅವ್ರಪ್ಪಂಗೇ ಉದುರಿರ್ಲಿಲ್ಲ. ಕಿವಿ ಹತ್ರ ಒಸಿ ನರೆ ಹಾಕಿ."

"ಹಣೆ ಮೇಲೆ ಗೆರೆ?"

"ಒಂದೆರಡು ಸಾಕು. ಯೋಚ್ನೆ ಮಾಡೋ ಮನುಷ್ಯ ಅಲ್ಲ."

"ಕೆನ್ನೆ?"

ಭಾಗಮ್ಮ ಫೋಟೋದ ಕೆನ್ನೆಯ ಮೇಲೆ ಬೆರಳಾಡಿಸಿದರು. "ತುಂಬ್ಕೊಂಡಿರ್ಲಿ. ಇಷ್ಟು ವರ್ಷ ನಾನು ಮಾಡಿ ಹಾಕಿರ್ತಿರ್ಲಿಲ್ವಾ?"

ಷಡಕ್ಷರಿಯವರು ಪೆನ್ಸಿಲಿನ ಮೊನೆ ಹೆರೆಯತೊಡಗಿದರು.

ತಿಂಗಳ ಮೇಲೆ ಹೊಸ ಪ್ರತಿಯನ್ನು ಆಕೆಯ ಕೈಗಿತ್ತರು. ಹೋರಿಗೇ ಹೆದರದ ಎದೆ ಅಂದು ರೈಲಿನ ಸದ್ದನ್ನೂ ಮುಚ್ಚುವಂತೆ ಹೊಡೆದುಕೊಂಡಿತು. ಈಕೆಯೇ 'ಇವರಲ್ಲ' ಎಂದರೆ ಓಬಳಪ್ಪ ಎರಡನೆಯ ಸಲ ಹೋದಂತೆಯೇ. ಭಾಗಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

"ನೀವೊಸಿ ಹೊರಗಿರಿ ಸ್ವಾಮಿ," ಎಂದರು.

ತಮ್ಮದೇ ಸ್ಟುಡಿಯೋದ ಹೊರಗೆ, ಉರಿಬಿಸಿಲಿನಲ್ಲಿ, ಅಜ್ಜಂಪುರದ ಬಸ್ಸು ಬರುವವರೆಗೂ ಷಡಕ್ಷರಿಯವರು ನಿಂತಿದ್ದರು; ಬಂದ ಗಿರಾಕಿಗಳನ್ನೆಲ್ಲ "ಒಳಗೆ ಗಂಡ ಹೆಂಡ್ತಿ ಮಾತಾಡ್ತಾ ಇದಾರೆ ಕಣ್ರೀ" ಎಂದು ತಡೆದು ನಿಲ್ಲಿಸಿದರು.

ಅವರ ಪೆನ್ಸಿಲು ಇನ್ನೂ ಬಹುಕಾಲ ಮೊನಚಾಗಿರಲಿ. ಅವರ ಮುಖದ ಸುಕ್ಕುಗಳೂ ಧರ್ಮಪತ್ನಿ ಪ್ರೇಮಮ್ಮನವರ ಸುಕ್ಕುಗಳೂ ಯಾರೂ ಬರೆಯಬೇಕಾಗಿ ಬಾರದೆ, ತಾವಾಗಿಯೇ, ಅಕ್ಕಪಕ್ಕದಲ್ಲಿ, ನೂರು ವರ್ಷ ಮೂಡುತ್ತಲೇ ಇರಲಿ.