ಕೂಗಿದರೆ ಬರುವ ಡ್ರೈವು

ನಮ್ಮವರ ಹೆಸರನ್ನು ನನ್ನ ಬಾಯಲ್ಲಿ ಹೇಳಿಸಬೇಡಿ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ಒಂದು ಸಲ ಕೂಡ ಹೇಳಿಲ್ಲ. ರೇಷನ್ ಆಫೀಸಿನ ಗುಮಾಸ್ತ ಗದರಿಸಿದಾಗಲೂ ಕಾರ್ಡನ್ನು ಮುಂದಕ್ಕೆ ತಳ್ಳಿ, ಕಣ್ಣಿದೆಯಲ್ಲ, ಓದಿಕೊಳ್ಳಿ ಅಂತ ನನ್ನ ಹರಕು ಹಿಂದಿಯಲ್ಲಿ ಹೇಳಿ ಬಂದವಳು ನಾನು. ಅಡುಗೆಮನೆಯಿಂದ ಅವರನ್ನು ಕರೆಯಬೇಕಾದರೆ 'ಕೇಳಿದ್ರಾ' ಅಂತೀನಿ. ಅವರು 'ಹೂಂ' ಅಂತಾರೆ. ಚಾಮರಾಜನಗರದಲ್ಲಿ ನಮ್ಮಮ್ಮ, ನಮ್ಮಜ್ಜಿ ಎಲ್ಲ ಹೀಗೇ ಸಂಸಾರ ಮಾಡಿದರು. ಮುಂಬಯಿಯ ಘಾಟ್ಕೋಪರಿಗೆ ಬಂದ ಮಾತ್ರಕ್ಕೆ ನನ್ನ ಬಾಯಿ ಬದಲಾಗತ್ತಾ?

ಅವರು ಕುರ್ಲಾದ ಒಂದು ಔಷಧಿ ಕಂಪನಿಗೆ ಟೈಪಿಸ್ಟಾಗಿ ಸೇರಿದವರು. ಕಂಪ್ಯೂಟರ್ ಬಂದಾಗ ಜೊತೆಯವರೆಲ್ಲ ಕೆಲಸ ಹೋಯಿತು ಅಂತ ಎದೆ ಬಡಿದುಕೊಂಡರೆ ಇವರು ಸುಮ್ಮನೆ ಕೂತು ಅದನ್ನು ಕಲಿತರು, ಕೊನೆಗೆ ಆ ಸೆಕ್ಷನ್ನಿಗೇ ಮುಖ್ಯಸ್ಥರಾದರು. ಶಿಸ್ತು ಅಂದರೆ ಶಿಸ್ತು. ಕೊಡೆಗೆ ಒಂದು ಮೊಳೆ, ರೈಲಿನ ಪಾಸಿಗೆ ಒಂದು ಜೇಬು. ಒಳ್ಳೆಯವರೇ, ಆದರೆ ಹೊಗಳುವ ಬಾಯಲ್ಲ. ಬೆಳಿಗ್ಗೆ ಲೋಟ ಕೆಳಗಿಡುತ್ತಾ 'ಡಿಕಾಕ್ಷನ್ ನೀರಾಗಿದೆ' ಅನ್ನದಿದ್ದರೆ ಅವರಿಗೆ ತಿಂದದ್ದು ಜೀರ್ಣವಾಗುತ್ತಿರಲಿಲ್ಲ. ನಾಳೆಯಿಂದ ನೀವೇ ಇಳಿಸಿಕೊಳ್ಳಿ ಅಂತ ನಾನೂ ಸಿಡುಕುತ್ತಿದ್ದೆ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಸದ್ದು ಅಂತ ಇದ್ದದ್ದು ಇದೊಂದೇ.

ತೊಂಬತ್ತರಲ್ಲಿ ಆಫೀಸಿನವರು ಹಳೆಯ ಕಂಪ್ಯೂಟರುಗಳನ್ನು ಸ್ಟಾಫಿಗೇ ಮಾರಿದರು. ಇವರೂ ಒಂದನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಬಂದರು. ಇರುವುದೇ ಒಂದೂವರೆ ರೂಮು, ಅದರಲ್ಲಿ ನನ್ನ ಹೊಲಿಗೆ ಮೆಷಿನ್ನಿನ ಜಾಗ ಅದಕ್ಕೆ ಹೋಯಿತು. ನಾನು ಮುಖ ಊದಿಸಿಕೊಂಡಿದ್ದು ನೋಡಿ ಸಮಾಧಾನ ಮಾಡಲು ಅದರ ವಿದ್ಯೆಯೊಂದನ್ನು ತೋರಿಸಿದರು. ಒಳಗೆ ಒಂದು ದೊಡ್ಡ ಫೈಲು. ತೆಗೆದು ನೋಡಿದರೆ ಅರ್ಥವಿಲ್ಲದ ಅಕ್ಷರಗಳ ಕಸ. ಆದರೆ ಒಂದು ಗುಟ್ಟಿನ ಪದ ಹೊಡೆದರೆ ಆ ಕಸವೇ ಇನ್ನೊಂದು ಡ್ರೈವ್ ಆಗಿ ಎದ್ದು ಕೂರುತ್ತದೆ, ಅದರೊಳಗೆ ಬೇಕಾದ್ದು ಇಟ್ಟುಕೊಳ್ಳಬಹುದು. ಮುಚ್ಚಿದರೆ ಮತ್ತೆ ಕಸ. ಆಫೀಸಿನ ಗುಟ್ಟಿನ ಕಾಗದಗಳನ್ನೆಲ್ಲ ಹೀಗೇ ಕಾಪಾಡುವುದಂತೆ. 'ಪೆಟ್ಟಿಗೆಯೊಳಗೆ ಪೆಟ್ಟಿಗೆ. ಕೂಗಿದರೆ ಬರತ್ತೆ, ಇಲ್ಲದಿದ್ದರೆ ಇಲ್ಲವೇ ಇಲ್ಲ' ಅಂದರು. ನನಗೆ ಯಾಕೋ ಮೈ ಜುಂ ಅಂದಿತು. ಇದ್ದೂ ಇಲ್ಲದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಅನ್ನಿಸಿತು.

ಹೋದ ವರ್ಷ ಗೌರಿ ಹಬ್ಬದ ಹೊತ್ತಿಗೆ ಅವರು ದಿನಾ ಕಂಪ್ಯೂಟರಿನ ಮುಂದೆ ಕೂರಲು ಶುರುಮಾಡಿದರು. ನಾನು ಹತ್ತಿರ ಹೋದರೆ ಟಕ್ ಅಂತ ಎರಡು ಕೀ ಒತ್ತುವರು, ಪರದೆ ಖಾಲಿ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಲೋಟ ಕೆಳಗಿಟ್ಟು, ನನ್ನ ಮುಖವನ್ನೇ ನೋಡುತ್ತಾ, 'ಕಾಫಿ ಚೆನ್ನಾಗಿದೆ' ಅಂದರು. ನಾನು ಹಿಗ್ಗಿಹೋದೆ. ಪಕ್ಕದ ಮನೆ ಇಂದ್ರಾಬಾಯಿಗೂ ಹೇಳಿಕೊಂಡು ಬಂದೆ. ವಾರಕ್ಕೊಂದು ಸಲ ಇದ್ದದ್ದು ಬರುಬರುತ್ತಾ ದಿನಾ ಆಯಿತು. ಆಮೇಲೆ ಅವರ ಆಫೀಸಿನ ನಾಣಿ ಸಿಕ್ಕಿದಾಗ, ಸರ್ ನಮ್ಮ ಗೋರೆಗಾಂವ್ ಸ್ಟೇಷನ್ನಿನಲ್ಲಿ ಎರಡು ಸಲ ಕಂಡರು ಅತ್ತಿಗೆ, ಯಾರನ್ನೋ ಕಾಯುತ್ತಾ ನಿಂತಿದ್ದರು ಅಂದ. ಘಾಟ್ಕೋಪರಿನವರಿಗೆ ಆ ಬೇರೆ ರೈಲು ಲೈನಿನಲ್ಲಿ ಏನು ಕೆಲಸ? ಇವರನ್ನು ಕೇಳಿದರೆ ಹೋಗಿಯೇ ಇಲ್ಲ ಅಂದರು.

ಹೊಗಳದವರು ಹೊಗಳುತ್ತಾರೆ, ಹೋದದ್ದನ್ನು ಮುಚ್ಚಿಡುತ್ತಾರೆ, ಪರದೆ ಅಳಿಸುತ್ತಾರೆ. ಗೋರೆಗಾಂವಿನಲ್ಲಿ ಇನ್ನೊಬ್ಬಳಿದ್ದಾಳೆ, ಅವಳ ಕಾಗದಗಳೆಲ್ಲ ಆ ಡ್ರೈವಿನಲ್ಲಿವೆ ಅಂತ ತೀರ್ಮಾನ ಮಾಡಿಕೊಂಡೆ. ಅದನ್ನು ತೆಗೆಸಿ ನೋಡದೆ ಇವರ ಜೊತೆ ಬಾಳುವುದಿಲ್ಲ, ಅವಳಿರುವುದು ನಿಜವಾದರೆ ಚಾಮರಾಜನಗರದ ಬಸ್ಸು ಹತ್ತುವುದೇ ಸೈ ಅಂತ ಟ್ರಂಕಿಗೆ ನಾಲ್ಕು ಸೀರೆಯನ್ನೂ ಹಾಕಿಟ್ಟೆ.

ಆಗಲೇ ಆ ಭಾನುವಾರ ಬಂತು. ಹಟ್ಟಹಗಲು, ಹನ್ನೆರಡು ಗಂಟೆ. ಕೆಳಗೆ ಹುಡುಗರ ಕ್ರಿಕೆಟ್ ಗಲಾಟೆ. ರೂಮಿನಲ್ಲಿ ಇವರು ಯಾರ ಹತ್ತಿರವೋ ಮಾತಾಡುತ್ತಿದ್ದರು. ಹೊರಬಾಗಿಲು ಹಾಕಿಯೇ ಇತ್ತು, ಯಾರೂ ಬಂದಿರಲಿಲ್ಲ. ಇಣುಕಿದೆ. ಕಬ್ಬಿಣದ ಬೀರುವಿನ ಕನ್ನಡಿಯ ಮುಂದೆ ಕೈಮುಗಿದು ನಿಂತಿದ್ದರು. ಕನ್ನಡಿಯಲ್ಲಿದ್ದವರಿಗೆ ಬಹಳ ವಿನಯದಿಂದ ಹೇಳುತ್ತಿದ್ದರು: 'ಬನ್ನಿ, ಕೂತುಕೊಳ್ಳಿ. ಯಜಮಾನರು ಇನ್ನೂ ಆಫೀಸಿನಿಂದ ಬಂದಿಲ್ಲ.'

ಅವರು ಕುರ್ಚಿಯನ್ನು ಕನ್ನಡಿಯ ಕಡೆಗೆ ಸರಿಸಿಕೊಟ್ಟು, ಬಂದವರು ಕೂರಲಿಲ್ಲವಲ್ಲ ಅಂತ ಬೇಜಾರು ಮಾಡಿಕೊಂಡು, ಕಂಪ್ಯೂಟರ್ ಮುಂದೆ ಹೋಗಿ ಕೂತರು. ಗುಟ್ಟಿನ ಪದ ಕೇಳುವ ಚೌಕ ಪರದೆಯ ಮೇಲೆ ಮಿಣುಕುತ್ತಿತ್ತು. ಏನೋ ಹೊಡೆದರು, ತಪ್ಪು ಅಂತ ಬೀಪ್ ಅಂದಿತು. ಮತ್ತೆ ಹೊಡೆದರು, ಮತ್ತೆ ಬೀಪ್. ಕೊನೆಗೆ ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿ, 'ಒಳಗಿರೋನು ಬಾಗಿಲು ತೆಗೀತಿಲ್ಲ' ಅಂದರು.

ಒಳಗೆ ಯಾರು ಅಂತ ಕೇಳಿದೆ. ಅವರು ಮತ್ತೆ ಪರದೆಯ ಕಡೆ ತಿರುಗಿದರು. ಇಂದ್ರಾಬಾಯಿ ಬಂದು ನಿಂಬೆಹಣ್ಣು ನಿವಾಳಿಸಿ ರಸ್ತೆಗೆ ಎಸೆದು ಹೋದಳು. ನಾನು ಕೆಳಗಿನ ಅಂಗಡಿಯ ಫೋನಿನಿಂದ ನಾಣಿಯನ್ನು ಕರೆಸಿದೆ. ಇವರ ಕೈಕೆಳಗೆ ಹತ್ತು ವರ್ಷ ಕೆಲಸ ಕಲಿತವನು. ಬಂದವನೇ ತಲೆ ತಗ್ಗಿಸಿ ಒಂದು ಮಾತು ಒಪ್ಪಿಕೊಂಡ. ಮೂರು ತಿಂಗಳಿಂದ ಇವರ ಕೆಲಸವನ್ನು ಅವನೇ ಮಾಡುತ್ತಿದ್ದನಂತೆ. ಮನೆಯಲ್ಲಿ ಏನೋ ಜಗಳ, ಸರ್ ಮನಸ್ಸು ಕೆಟ್ಟಿದೆ ಅಂದುಕೊಂಡಿದ್ದನಂತೆ. ಜಗಳಗಂಟಿ ಅಂದರೆ ನಾನೇ ತಾನೆ, ಇನ್ನೇನು.

ನಾಣಿ ಒಂದೊಂದೇ ಹೊಡೆದು ನೋಡಿದ. ಮೊದಲು ಇವರ ಹೆಸರು. ನಾನು ಆ ಕಡೆ ಮುಖ ತಿರುಗಿಸಿಕೊಂಡೆ. ಬೀಪ್. ರಮಾಮಣಿ ಅಂತ ನನ್ನ ಹೆಸರು. ಬೀಪ್. ನಮ್ಮತ್ತೆಯ ಹೆಸರು, ಊರಿನ ಹೆಸರು, ಮನೆದೇವರು, ಮದುವೆಯ ತಾರೀಕು. ಯಾವುದಕ್ಕೂ ತೆಗೆಯಲಿಲ್ಲ. ಗೋರೆಗಾಂವ್ ಅಂತ ಹೊಡಿ ನಾಣಿ ಅಂದೆ. ಅದಕ್ಕೂ ಬೀಪ್. ಪದ ಗೊತ್ತಿಲ್ಲದೆ ಬ್ರಹ್ಮ ಬಂದರೂ ಇದನ್ನು ತೆಗೆಯಲಾರ ಅತ್ತಿಗೆ ಅಂತ ಅವನು ಕೈಚೆಲ್ಲಿದ. ಇವರು ಪಕ್ಕದಲ್ಲೇ ಗೋಡೆ ನೋಡುತ್ತಾ ಕೂತಿದ್ದರು.

ಬಂದವನಿಗೆ ಒಂದು ಲೋಟ ಕಾಫಿಯಾದರೂ ಕೊಡೋಣ ಅಂತ ಒಳಗೆ ಹೋದೆ. ಹಾಲು ಉಕ್ಕಿತು, ಬೆರೆಸಿದೆ, ಅಭ್ಯಾಸಬಲದಿಂದ ಅಲ್ಲಿಂದಲೇ ಕೂಗಿದೆ: 'ಕೇಳಿದ್ರಾ, ಕಾಫಿ ಆಯ್ತು.'

'ಹೂಂ' ಅಂದ ಸದ್ದು ಬಂತು. ಜೊತೆಗೇ ಪಟಪಟ ಅಂತ ಕೀಲಿಗಳ ಸದ್ದು. ಓಡಿ ಬಂದೆ. ನಾಣಿಯ ಕೈಯನ್ನು ಪಕ್ಕಕ್ಕೆ ಸರಿಸಿ ಇವರು ಹಳೆಯ ಟೈಪಿಸ್ಟಿನ ಹಾಗೆ ಹತ್ತೂ ಬೆರಳಲ್ಲಿ ಹೊಡೆದು ಮುಗಿಸಿದ್ದರು. ಬೀಪ್ ಅನ್ನಲಿಲ್ಲ. ಇಲ್ಲದ ಡ್ರೈವು ಪರದೆಯ ಮೇಲೆ ಎದ್ದು ಕೂತಿತ್ತು. ನಾಣಿ ಬಿಳುಚಿಕೊಂಡು, ಏನು ಹೊಡೆದಿರಿ ಸರ್ ಅಂತ ಕೇಳಿದ.

'ಆಕೆ ಕರೆದರಲ್ಲ, ಅದೇ' ಅಂದರು.

ಆಕೆ ಅಂದರು, ನನ್ನನ್ನು. ಬಹುವಚನ ಬೇರೆ. ಆಗಲೂ ನನಗೆ ತಿಳಿಯಲಿಲ್ಲ. ಒಳಗೆ ಒಂದೇ ಒಂದು ಕಾಗದವಿತ್ತು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು. ಯಾರವಳು, ಹೆಸರು ಓದು ಅಂದೆ. ನಾಣಿ ತಡವರಿಸುತ್ತಾ ಓದಿದ.

'ನಿನಗೆ ಮರೆವು ಬರುತ್ತಿದೆ. ಇದನ್ನು ದಿನಾ ಓದಿಕೋ. ಆಫೀಸಿನವರಿಗೆ ತಿಳಿದರೆ ಮನೆಗೆ ಕಳಿಸುತ್ತಾರೆ, ತಿಳಿಯಬಾರದು. ನಿನ್ನ ಮನೆ ಘಾಟ್ಕೋಪರ್ ಈಸ್ಟ್, ಮೂರನೇ ಮಹಡಿ, ಹಸಿರು ಬಾಗಿಲು. ಗೋರೆಗಾಂವ್ ನಾಣಿಯ ಊರು, ನಿನ್ನದಲ್ಲ. ಅಲ್ಲಿ ಇಳಿದುಬಿಟ್ಟರೆ ದಾದರಿಗೆ ವಾಪಸು ಬಂದು ಗಾಡಿ ಬದಲಾಯಿಸು. ಕನ್ನಡಿಯಲ್ಲಿ ಯಾರಾದರೂ ನಿಂತಿದ್ದರೆ ಹೆದರಬೇಡ, ಅದು ನೀನೇ.'

ನಾಣಿ ನಿಲ್ಲಿಸಿದ. ಮುಂದಿನದು ಓದಲಾರೆ ಅತ್ತಿಗೆ ಅಂದ. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಅವನನ್ನು ಎಬ್ಬಿಸಿ, ಕನ್ನಡಕ ಹಾಕಿಕೊಂಡು ನಾನೇ ಓದಿದೆ.

'ಬಾಗಿಲು ತೆಗೆಯುವವಳು ರಮಾಮಣಿ, ನಿನ್ನ ಹೆಂಡತಿ. ಕೆಂಪು ಹರಳಿನ ಮೂಗುಬೊಟ್ಟು. ಕೋಪ ಜಾಸ್ತಿ, ಮನಸ್ಸು ಬೆಣ್ಣೆ. ಹೆಸರು ಹಿಡಿದು ಕರೆಯುವವಳಲ್ಲ. ಅವಳು ಕರೆಯುವ ಮಾತನ್ನೇ ಈ ಬಾಗಿಲಿಗೆ ಬೀಗ ಮಾಡಿದ್ದೇನೆ. ನಿನ್ನ ಹೆಸರು ಮರೆತ ಮೇಲೂ ಅದು ನೆನಪಿರುತ್ತದೆ. ಅವಳ ಮುಖ ಗುರುತು ಹತ್ತದ ದಿನ ತೋರಿಸಿಕೊಳ್ಳಬೇಡ, ನೊಂದುಕೊಳ್ಳುತ್ತಾಳೆ. ನೀವು ಯಾರು ಅಂತ ಕೇಳಲೇಬೇಡ. ಕಾಫಿ ತಂದುಕೊಡುತ್ತಾಳೆ. ಕುಡಿದು, ಕಾಫಿ ಚೆನ್ನಾಗಿದೆ ಅನ್ನು.'

ದೀಪಾವಳಿ ಕಳೆದ ಮೇಲಿನ ಆ ಮೊದಲ ಬೆಳಿಗ್ಗೆ ನೆನಪಾಯಿತು, ನಾನು ಹಿಗ್ಗಿ ಇಂದ್ರಾಬಾಯಿಗೆ ಹೇಳಲು ಓಡಿದ್ದು. ಆಮೇಲಿನ ಬೆಳಿಗ್ಗೆಗಳೂ ನೆನಪಾದವು. ಅಷ್ಟು ದಿನ ಯಾರೋ ಗುರುತಿಲ್ಲದ ಹೆಂಗಸಿನ ಕೈಯ ಕಾಫಿ ಅಂತ ಕುಡಿದು, ಅವಳ ಮನಸ್ಸು ನೋಯಬಾರದು ಅಂತ ಹೇಳಿದ ಮಾತು ಅದು. ನಾಣಿ ಯಾವಾಗ ಎದ್ದುಹೋದನೋ ನನಗೆ ಗೊತ್ತಿಲ್ಲ.

ಟ್ರಂಕಿನ ಸೀರೆಗಳನ್ನು ತೆಗೆದು ಬೀರುವಿಗೆ ಇಟ್ಟೆ, ಕನ್ನಡಿಯ ಮೇಲೆ ಒಂದು ಬೆಡ್‌ಶೀಟ್ ಹೊದಿಸಿದೆ. ಆಮೇಲೆ ಅಡುಗೆಮನೆಗೆ ಹೋಗಿ ಬೇಕಂತಲೇ ಡಿಕಾಕ್ಷನ್ನಿಗೆ ನೀರು ಸುರಿದು, ಬಾಯಿಗಿಡಲಾರದ ಹಾಗೆ ಒಂದು ಲೋಟ ಕಾಫಿ ಬೆರೆಸಿದೆ. ದೇವರೇ, ಒಂದು ಸಲ ಬಯ್ಯಲಿ, ಮುಖದ ಮೇಲೆ ಎರಚಿದರೂ ಸರಿ ಅಂದುಕೊಂಡು ಅವರ ಕೈಗಿಟ್ಟು ಎದುರಿಗೇ ಕೂತೆ. ಪೂರ್ತಿ ಕುಡಿದರು. ಲೋಟ ಕೆಳಗಿಟ್ಟರು. ನನ್ನ ಮುಖವನ್ನು, ಮೂಗುಬೊಟ್ಟನ್ನು ಸ್ವಲ್ಪ ಹೊತ್ತು ನೋಡಿದರು.

'ಕಾಫಿ ಚೆನ್ನಾಗಿದೆ' ಅಂದರು.