ಮುಖ ನೋಡದೆ ಒತ್ತುವ ಕೈ

ಸುಪೀರಿಯರ್ ಸರೋವರದ ಗಾಳಿ ಬಸ್ಸಿನ ತಗಡನ್ನು ಬಡಿಯುತ್ತಿದೆ. ಇನ್ನೂ ಬೆಳಕು ಹರಿದಿಲ್ಲ. ಚರ್ಚಿನ ಅಂಗಳದಲ್ಲಿ ನಿಂತ ಆ ಬಸ್ಸಿನೊಳಗೆ ತಂತ್ರಜ್ಞೆ ಲೋರ್ನಾ ಹೈಕಿನೆನ್ ಸ್ತನದ ಎಕ್ಸ್‌ರೇ ಯಂತ್ರದ ಮೇಲೆ ಪರೀಕ್ಷೆಯ ಪ್ಲಾಸ್ಟಿಕ್ ಗಟ್ಟಿಯೊಂದನ್ನಿಟ್ಟು ಚಿತ್ರ ತೆಗೆಯುತ್ತಾಳೆ. ಅದರೊಳಗೆ ಹುದುಗಿಸಿದ, ಸಾಸಿವೆಗಿಂತ ಸಣ್ಣ ಚುಕ್ಕೆಗಳು ಪರದೆಯ ಮೇಲೆ ಕಾಣಬೇಕು. ಕಾಣದಿದ್ದರೆ ಇವತ್ತು ಬಾಗಿಲು ತೆರೆಯುವುದಿಲ್ಲ.

"ನಿನ್ನೆ ದಾರಿಯುದ್ದಕ್ಕೂ ಗುಂಡಿ. ಯಂತ್ರಕ್ಕೂ ಮೈಕೈ ನೋವಿರುತ್ತೆ, ವಿಚಾರಿಸ್ಬೇಕಲ್ಲ" ಎನ್ನುತ್ತಾಳೆ. ಚುಕ್ಕೆಗಳೆಲ್ಲ ಕಾಣುತ್ತವೆ.

ಗಣಿ ಮುಚ್ಚಿದ ಮೇಲೆ ಊರಿನ ಆಸ್ಪತ್ರೆಯೂ ಮುಚ್ಚಿತು. ದೊಡ್ಡವರು ಭಾಷಣ ಬಿಗಿದು ಹೋದರು. ಬಂದದ್ದು ಈ ಬಸ್ಸು, ಇವಳು. ಚಿತ್ರ ಓದುವ ಡಾಕ್ಟರ ಹೆಸರು ಎಲ್ಲರಿಗೂ ಗೊತ್ತು. ತೆಗೆದವಳ ಹೆಸರು ಯಾರಿಗೆ ಬೇಕು?

ಮೊದಲು ಬರುವವಳು ಐಲಿ ಕೋಸ್ಕಿ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಮುದುಕಿ. ತಂಗಿ ಸ್ತನದ ಕ್ಯಾನ್ಸರಿನಲ್ಲಿ ತೀರಿಹೋದರೂ ಇವತ್ತಿನವರೆಗೆ ಇತ್ತ ಸುಳಿದವಳಲ್ಲ. ಯಂತ್ರದ ಹಲಗೆ ಎದೆಯನ್ನು ಒತ್ತುತ್ತಲೇ ಅರಚುತ್ತಾಳೆ.

"ಮೆಲ್ಲಗೆ ಕಣೇ! ನನ್ನನ್ನೇನು ಬ್ರೆಡ್ಡಿನ ಹಿಟ್ಟು ಅಂದ್ಕೊಂಡ್ಯಾ?"

ಲೋರ್ನಾ ಕೊಂಚ ಸಡಿಲಿಸುತ್ತಾಳೆ. ಚಿತ್ರ ಮಂಜು ಹಿಡಿದ ಗಾಜಿನ ಹಾಗೆ ಬರುತ್ತದೆ.

"ಐಲಿ, ಇನ್ನೊಂದ್ಸಲ ತೆಗೀಬೇಕು."

"ಮತ್ತೆ ಕಿರಣಾನಾ? ಸುಟ್ಟ ಆಲೂಗಡ್ಡೆ ಮಾಡಿ ಕಳಿಸ್ತೀಯೇನು?" ಐಲಿ ಕೋಟಿನ ತೋಳಿಗೆ ಕೈ ತೂರಿಸುತ್ತಾಳೆ. ಇವಳು ಈಗ ಹೋದರೆ ಬಸ್ಸು ಮತ್ತೆ ಬರುವುದು ಮುಂದಿನ ವರ್ಷ. ಒಳಗೆ ಗಂಟೇನಾದರೂ ಇದ್ದರೆ ಅಲ್ಲಿಯವರೆಗೆ ಸುಮ್ಮನೆ ಕೂತಿರುತ್ತದೆಯೇ?

"ಸುಡೋವಷ್ಟಿಲ್ಲ, ತೀರಾ ಕಮ್ಮಿ. ಆದ್ರೆ ತಪ್ಪು ನಂದು" ಎನ್ನುತ್ತಾಳೆ ಲೋರ್ನಾ. "ನಿಮ್ಮ ಮುಖ ನೋಡಿ ಸಡಿಲ ಬಿಟ್ಟೆ. ಗಟ್ಟಿಯಾಗಿ ಒತ್ತಿದ್ರೆ ತೆಳ್ಳಗಾಗುತ್ತೆ, ಅಲುಗಾಡಲ್ಲ, ಕಮ್ಮಿ ಕಿರಣಕ್ಕೇ ಎಲ್ಲ ಕಾಣುತ್ತೆ. ನೋವಾಗ್ಬಾರ್ದು ಅಂತ ಹೋಗಿ ಬೇಡದ ಕಿರಣ ತಿನ್ನಿಸ್ದೆ."

ಐಲಿ ಅವಳನ್ನೇ ದಿಟ್ಟಿಸುತ್ತಾಳೆ. "ನಾನೂ ನಿನ್ನಂಗೆ ಮೆತ್ತಗಿದ್ದಿದ್ರೆ ಶಾಲೆ ಹುಡುಗ್ರು ನನ್ನನ್ನೇ ಬಸ್ಸಿಂದ ಇಳಿಸ್ತಿದ್ರು" ಎಂದು ಕೋಟು ಕಳಚುತ್ತಾಳೆ. "ಒತ್ತು. ನನ್ನ ಮುಖ ನೋಡ್ಬೇಡ."

ಲೋರ್ನಾ ಒತ್ತುತ್ತಾಳೆ. ಐಲಿ ಫಿನ್ನಿಶ್ ಭಾಷೆಯಲ್ಲಿ ಅಜ್ಜಿಯ ಕಾಲದ ಬೈಗುಳವೊಂದನ್ನು ಉದುರಿಸುತ್ತಾಳೆ. ಈ ಸಲ ಎಳೆ ಎಳೆಯೂ ನಿಚ್ಚಳ. ಅದರಲ್ಲೇನಿದೆಯೆಂದು ಡಾಕ್ಟರು ಹೇಳಬೇಕು.

ಈ ಕೆಲಸದಲ್ಲಿ ನಿಮಗೇನು ಆಸೆ ಎಂದು ಯಾರಾದರೂ ಕೇಳಿದರೆ ಲೋರ್ನಾ ಹಲಗೆ ಒರೆಸುತ್ತಲೇ ಉತ್ತರಿಸುತ್ತಾಳೆ: "ಬೈಕೊಂಡು ಹೋಗ್ಲಿ, ಪರ್ವಾಗಿಲ್ಲ. ಮುಂದಿನ ವರ್ಷ ಮತ್ತೆ ಬಂದು ಬೈಲಿ."