ಎರಡಿಂಚು ಪೈಪಿನ ದುರ್ಬೀನು

‘ಸಂಪಿಗಾ ಸಾರ್, ಟ್ಯಾಂಕಿಗಾ?’

ಪೈಪಿನ ಅಂಗಡಿಯ ಯೋಗೀಶ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ತುಮಕೂರಿನಲ್ಲಿ ಐವತ್ತೆಂಟು ದಾಟಿದ ಮನುಷ್ಯನೊಬ್ಬ ಬೆಳಿಗ್ಗೆ ಹತ್ತು ಗಂಟೆಗೆ ಬಂದು ಎರಡಿಂಚಿನ ಪೈಪು ಒಂದೂವರೆ ಅಡಿ ಕೊಡಪ್ಪಾ ಅಂದರೆ, ಒಂದೋ ಸಂಪಿನ ಮೋಟಾರಿನ ಹತ್ತಿರ ಸೋರುತ್ತಿರಬೇಕು, ಇಲ್ಲಾ ಟ್ಯಾಂಕು ತುಂಬಿ ಹರಿಯುತ್ತಿರಬೇಕು. ಮೂರನೇ ಕಾರಣ ಏನಿದ್ದೀತು?

‘ಎರಡಕ್ಕೂ ಅಲ್ಲ. ಕತ್ತಲಲ್ಲಿ ನೋಡೋ ದುರ್ಬೀನು ಮಾಡ್ಬೇಕು’ ಅಂದೆ.

ಯೋಗೀಶ ನನ್ನ ಮುಖ ನೋಡಿದ. ಆಮೇಲೆ ನನ್ನ ಜೊತೆ ಮನೆಯವರು ಯಾರಾದರೂ ಬಂದಿದ್ದಾರಾ ಅಂತ ನನ್ನ ಹಿಂದೆ ನೋಡಿದ.

‘ನಿಜವಾದ್ದಲ್ಲಪ್ಪ. ಮಿಲಿಟರಿಯವರು ಬಂದೂಕಿನ ಮೇಲೆ ಕೂರಿಸ್ತಾರಲ್ಲ, ನೈಟ್ ವಿಷನ್ ಅಂತ. ನೋಡೋಕೆ ಅದರ ಥರ ಇದ್ರೆ ಸಾಕು.’

‘ಅದರಲ್ಲಿ ಕಾಣ್ತದಾ ಸಾರ್?’

‘ಏನೂ ಕಾಣಲ್ಲ.’

‘ಮತ್ತ್ಯಾಕ್ ಸಾರ್?’

‘ಒಬ್ಬನ ಹತ್ರ ಸಾರಿ ಕೇಳೋದಿದೆ.’

ಸಾರಿ ಕೇಳುವುದಕ್ಕೆ ಪೈಪು ಯಾಕೆ ಅಂತ ಅವನು ಕೇಳಲಿಲ್ಲ. ವ್ಯಾಪಾರಸ್ಥ, ಪೈಪು ಕೊಟ್ಟ. ಆದರೆ ನೀವು ಬಿಡುವವರಲ್ಲ, ಕೇಳುತ್ತೀರಿ. ಹಾಗಾಗಿ ಮೂವತ್ತೇಳು ವರ್ಷ ಹಿಂದಕ್ಕೆ ಹೋಗಬೇಕು.

ನಮ್ಮೂರು ಗುಬ್ಬಿಯಿಂದ ನಾಲ್ಕು ಮೈಲಿ, ಸಿ.ಎಸ್. ಪುರದ ರಸ್ತೆಯಲ್ಲಿ. ಗುಬ್ಬಿಯ ಕಾಲೇಜಿಗೆ ಹೋಗುತ್ತಿದ್ದವರು ನಾವು ನಾಲ್ವರು, ಇದ್ದದ್ದು ಎರಡು ಸೈಕಲ್ಲು. ದಿನಾ ಸಂಜೆ ವಾಪಸು ಬರುವಾಗ ಇಬ್ಬರು ತುಳಿಯಬೇಕು, ಇಬ್ಬರು ಹಿಂದೆ ಕ್ಯಾರಿಯರ್ ಮೇಲೆ ರಾಜರ ಹಾಗೆ ಕೂರಬೇಕು. ಯಾರು ತುಳಿಯಬೇಕು? ಅದಕ್ಕೊಂದು ಕಾನೂನು ಮಾಡಿಕೊಂಡಿದ್ದೆವು. ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಕೂತು ಹರಟುವಾಗ ಯಾರ ಮಾತು ಸುಳ್ಳು ಅನ್ನಿಸುತ್ತದೋ ಅವನ ಮೇಲೆ ಕೈ ಎತ್ತುವುದು. ಜಾಸ್ತಿ ಕೈ ಎದ್ದರೆ ಅವನು ಸುಳ್ಳುಗಾರ. ಸುಳ್ಳುಗಾರ ಒಂದು ಸೈಕಲ್ ತುಳೀಬೇಕು, ಇನ್ನೊಂದಕ್ಕೆ ಸರದಿ. ಅಪೀಲಿಲ್ಲ. (ಯಾರೂ ಸುಳ್ಳು ಹೇಳದ ದಿನ ಬಹಳ ಕಷ್ಟವಾಗುತ್ತಿತ್ತು. ಕತ್ತಲಾಗುತ್ತಾ ಬಂದರೂ ಎಲ್ಲರೂ ಸತ್ಯವನ್ನೇ ಮಾತಾಡುತ್ತಾ ಕೂತಿರುತ್ತಿದ್ದೆವು.)

ನಾಲ್ವರಲ್ಲಿ ಒಬ್ಬ ನಂಜುಂಡ. ಡಿಗ್ರಿ ಮುಗಿಯುವ ಮುಂಚೆಯೇ ಮಿಲಿಟರಿಗೆ ಸೇರಿದ. ಒಂದೂವರೆ ವರ್ಷ ಬಿಟ್ಟು ಮೊದಲನೇ ರಜಕ್ಕೆ ಬಂದಾಗ ಅದೇ ಹೋಟೆಲು, ಅದೇ ಮೂಲೆಯ ಬೆಂಚು. ತಲೆಗೂದಲು ಸಣ್ಣಗಾಗಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು. ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದ:

‘ಅಲ್ಲಿ ಬಂದೂಕಿನ ಮೇಲೆ ಒಂದು ಕೊಳವೆ ಕೂರಿಸ್ತಾರೆ ಕಣ್ರೋ. ಕಣ್ಣಿಟ್ರೆ ಕಗ್ಗತ್ತಲಲ್ಲೂ ಮನುಷ್ಯ ಕಾಣ್ತಾನೆ. ಎಲ್ಲಾ ಹಸಿರು. ಬೆಟ್ಟ ಹಸಿರು, ಹಿಮ ಹಸಿರು, ಮನುಷ್ಯನೂ ಹಸಿರು.’

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಗ ನಮಗೆ ಕತ್ತಲೆಂದರೆ ಮೂರು ಸೆಲ್ಲಿನ ಟಾರ್ಚು, ಅಷ್ಟೇ.

‘ಹಸಿರಾ? ಎಮ್ಮೆನೂ ಹಸಿರಾಗಿ ಕಾಣ್ತದೇನ್ಲಾ?’ ಅಂತ ಕೇಳಿದವನು ನಾನು.

ಹೋಟೆಲಿಗೆ ಹೋಟೆಲೇ ನಕ್ಕಿತು. ಆ ನಗು ನನ್ನ ತಲೆಗೇರಿತು. ‘ಕೈ ಎತ್ರೋ’ ಅಂದೆ. ಮೂರು ಕೈ ಎದ್ದವು. ಮೊದಲು ಎದ್ದದ್ದು ನನ್ನದು. ನಂಜುಂಡ ಮೂರೂ ಕೈಗಳನ್ನು ನೋಡಿದ. ‘ಇನ್ನೊಂದು ಹೇಳೋದಿತ್ತು ಕಣ್ರೋ’ ಅಂದ. ನಾನು, ‘ಮೊದಲು ಇದಕ್ಕೆ ತುಳಿ, ಅದಕ್ಕೆ ನಾಳೆ ತುಳಿಯುವಂತೆ’ ಅಂದೆ.

ಅವನು ಎದ್ದ. ಸೈಕಲ್ ತೆಗೆದ. ನಾನು ಹಿಂದೆ ಕೂತೆ. ಊರು ಮುಟ್ಟುವುದಕ್ಕೆ ಮುಂಚೆ ಒಂದು ಏರಿದೆ, ಎಂಥವನಿಗೂ ಅಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆ. ಅಲ್ಲೂ ಅವನು ಒಂದು ಮಾತಾಡಲಿಲ್ಲ. ನಾನು ಸಿಳ್ಳೆ ಹೊಡೆಯುತ್ತಾ, ‘ಮಿಲಿಟರಿ ಎಂಜಿನ್ನು, ಇನ್ನೂ ಜೋರಾಗಿ ಹೋಗ್ಬೇಕಪ್ಪ’ ಅಂತಿದ್ದೆ.

ಆಮೇಲೆ ಯಾವ ರಜಕ್ಕೆ ಬಂದರೂ ನಂಜುಂಡ ಅಲ್ಲಿಯ ಸುದ್ದಿ ಎತ್ತಲಿಲ್ಲ. ಕೆಲವು ವರ್ಷಗಳಾದ ಮೇಲೆ ಟಿವಿಯಲ್ಲಿ ಯಾವುದೋ ದೇಶದ ಯುದ್ಧ ತೋರಿಸಿದರು. ಇಡೀ ಊರು, ಆಕಾಶ, ಟ್ಯಾಂಕುಗಳು, ಎಲ್ಲವೂ ಹಸಿರು ಹಸಿರು. ನಾನು ಊಟದ ತಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಅಯ್ಯೋ ಪಾಪಿ, ನಿಜ ಹೇಳಿದ್ದನಲ್ಲೋ ಅನ್ನಿಸಿತು. ಒಂದು ಇನ್‌ಲ್ಯಾಂಡ್ ಲೆಟರ್ ಬರೆಯಬಹುದಿತ್ತು. ಬರೆಯಲಿಲ್ಲ. ನಾಳೆ ಬರೆದರಾಯಿತು ಅಂದುಕೊಂಡೆ. ಇನ್‌ಲ್ಯಾಂಡ್ ಲೆಟರೇ ನಿಂತುಹೋಯಿತು.

ಅವನು ಸರ್ವಿಸ್ ಮುಗಿಸಿ ಬಂದ, ಬ್ಯಾಂಕೊಂದರಲ್ಲಿ ಗಾರ್ಡ್ ಆಗಿದ್ದ, ಈಗ ಊರಲ್ಲೇ ಇದ್ದಾನೆ. ಸಿಕ್ಕಾಗಲೆಲ್ಲ ಮಾತಾಡುತ್ತೇವೆ. ಏನು ಮಾತು? ಮಳೆ, ತೆಂಗಿನಕಾಯಿ ರೇಟು, ನಿಂದು ಶುಗರ್ ಎಷ್ಟು ನಂದೆಷ್ಟು. ಇಂಥ ಮಾತುಗಳ ಒಂದು ಅನುಕೂಲವೆಂದರೆ ಯಾರೂ ಕೈ ಎತ್ತುವುದಿಲ್ಲ.

ಎರಡು ತಿಂಗಳ ಹಿಂದೆ ಕುಣಿಗಲ್‌ನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವಳು ನಂಜುಂಡನ ಮಗಳು ಪಲ್ಲವಿ. ಅಲ್ಲೇ ಹೈಸ್ಕೂಲಿನಲ್ಲಿ ಟೀಚರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಹೇಳಿದಳು:

‘ನಮ್ ಸ್ಕೂಲಲ್ಲಿ ಮಕ್ಕಳಿಗೆ ಒಂದು ಟಾಕ್ ಕೊಡಿ ಅಂತ ಅಪ್ಪನ್ನ ಕರೆದೆ ಅಂಕಲ್. ಬರಲ್ಲ ಅಂತಾರೆ. ಮನೇಲೂ ಅಷ್ಟೇ, ಮಿಲಿಟರೀದು ಒಂದೇ ಒಂದು ಮಾತು ಹೇಳಿಲ್ಲ. ನಾನು ಹುಟ್ಟಿದಾಗಿಂದ ಕೇಳ್ತಿದೀನಿ. ಹೇಳಿದ್ರೆ ಯಾರು ನಂಬ್ತಾರೆ ಬುಡು ಅಂತಾರೆ, ಎದ್ದು ಹೋಗ್ತಾರೆ.’

ಒಂದು ಸಂಜೆಯ ತಮಾಷೆ ಅಂತ ಅಂದುಕೊಂಡಿದ್ದೆ. ಒಂದು ಹೆಣ್ಣುಮಗು ಅಪ್ಪನ ಕತೆಯೇ ಇಲ್ಲದೆ ಬೆಳೆದು ದೊಡ್ಡವಳಾಗಿ ಟೀಚರಾಗಿದ್ದಳು. ನೋಡಿ, ನಾವು ಎಂಥ ಜನ. ಯಾರೋ ಮುಖ ಕಾಣದವನು ಮೊಬೈಲಿಗೆ ಫಾರ್ವರ್ಡ್ ಮಾಡಿದ್ದನ್ನೆಲ್ಲ ಕಣ್ಣು ಮುಚ್ಚಿ ನಂಬುತ್ತೇವೆ, ಬೆಳ್ಳುಳ್ಳಿ ನೀರು ಕುಡಿದರೆ ಶುಗರ್ರೇ ಹೋಗುತ್ತದೆ ಅಂದರೂ ನಂಬುತ್ತೇವೆ. (ನಾನು ಕುಡಿದಿದ್ದೇನೆ. ಹೋಗಲಿಲ್ಲ.) ಜೊತೆಯಲ್ಲೇ ಬೆಳೆದವನು ಎದುರಿಗೆ ಕೂತು ಕಣ್ಣಾರೆ ಕಂಡದ್ದು ಹೇಳಿದರೆ ಎಮ್ಮೆಯ ಬಣ್ಣ ಕೇಳುತ್ತೇವೆ.

ಹೋಗಿ ಸುಮ್ಮನೆ ‘ಸಾರಿ ಕಣೋ’ ಅನ್ನಬಹುದಿತ್ತು. ಅಂದರೆ ಅವನು ‘ಯಾವುದಕ್ಲಾ’ ಅಂತ ಕೇಳಿ ಶುಗರ್ ವಿಚಾರಕ್ಕೆ ಬರುತ್ತಿದ್ದ. ಅದಕ್ಕೇ ಯೂಟ್ಯೂಬ್ ಹುಡುಕಿದೆ. ಯಾವನೋ ಪುಣ್ಯಾತ್ಮ ಪ್ಲಾಸ್ಟಿಕ್ ಪೈಪಿನಲ್ಲಿ ಆ ದುರ್ಬೀನಿನ ಪಡಿಯಚ್ಚು ಮಾಡಿ ತೋರಿಸಿದ್ದ. ಇಪ್ಪತ್ತು ನಿಮಿಷದ ಕೆಲಸವಂತೆ. ನನಗೆ ಹನ್ನೊಂದು ದಿನ ಹಿಡಿಯಿತು.

ಎರಡಿಂಚಿನ ಪೈಪು, ಮುಂದಕ್ಕೊಂದು ದಪ್ಪ ಸಾಕೆಟ್ಟು, ಹಿಂದಕ್ಕೆ ಸಣ್ಣದಾಗುವ ರೆಡ್ಯೂಸರ್, ಒಂದು ಎಂಡ್ ಕ್ಯಾಪು, ಹಿಡಿಕೆಗೆ ಒಂದು ತುಂಡು. ಗಾಜಿನ ಬದಲು ಹಸಿರು ಬಣ್ಣದ ಪೆಪ್ಪರ್‌ಮಿಂಟ್ ಡಬ್ಬಿಯ ಮುಚ್ಚಳ. ನಮ್ಮನೆಯವಳು ಶಾರದ ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿ, ‘ಅಡುಗೆಮನೆ ಸಿಂಕು ಎರಡು ತಿಂಗಳಿಂದ ಸೋರ್ತಾ ಇದೆ’ ಅಂತಷ್ಟೇ ಅಂದಳು. ಮೂರನೇ ದಿನ ತಾರಸಿಯ ಮೇಲೆ ಕಪ್ಪು ಸ್ಪ್ರೇ ಪೇಂಟ್ ಹೊಡೆದೆ. ಗಾಳಿ ಯಾವ ಕಡೆಗಿದೆ ಅಂತ ನೋಡಿಕೊಳ್ಳಲಿಲ್ಲ. ಒಣಗಲು ಹಾಕಿದ್ದ ಅರಳು ಸಂಡಿಗೆ ಅರ್ಧ ಕಪ್ಪಗಾಯಿತು. ಆಮೇಲಿನ ಎರಡು ದಿನದ ವಿಚಾರ ಇಲ್ಲಿ ಬರೆಯುವಂಥದ್ದಲ್ಲ.

ಇನ್ನು ಪೈಪು ಕೊಯ್ಯುವುದು. ನಾನು ಕೊಯ್ದದ್ದು ಇಳಿಜಾರಾಗಿ ಬಂತು. ಮತ್ತೆ ಕೊಯ್ದೆ, ಆ ಕಡೆಗೆ ಇಳಿಜಾರಾಯಿತು. ಸಮ ಮಾಡುತ್ತಾ ಮಾಡುತ್ತಾ ಒಂದೂವರೆ ಅಡಿ ಮುಕ್ಕಾಲು ಅಡಿಯಾಯಿತು. ಕೊನೆಗೆ ಯೋಗೀಶನೇ ಹೊಸ ಪೈಪು ತೆಗೆದು ಮೆಷಿನ್ನಿನಲ್ಲಿ ನೇರವಾಗಿ ಕೊಯ್ದು, ಸಲ್ಯೂಷನ್ ಹಚ್ಚಿ ಜೋಡಿಸಿಕೊಟ್ಟ. ‘ಯಾರನ್ನ ಸಾರ್ ಸಾರಿ ಕೇಳ್ಬೇಕಾಗಿರೋದು, ಅವರು ಬೇಜಾರು ಮಾಡ್ಕೊಂಡ್ರೆ ಪೈಪು ವಾಪಸ್ ತಗೊಳಲ್ಲ ನೋಡಿ’ ಅಂದ.

ಅದಕ್ಕೂ ಕಪ್ಪು ಹೊಡೆದು, ಕಳೆದ ಭಾನುವಾರ ಹಳೇ ಟವೆಲಿನಲ್ಲಿ ಸುತ್ತಿಕೊಂಡು ಊರಿಗೆ ಹೋದೆ. ನಂಜುಂಡ ಜಗಲಿಯ ಮೇಲೆ ಕೂತು ತೆಂಗಿನಕಾಯಿ ಸುಲಿಯುತ್ತಿದ್ದ. ಪಲ್ಲವಿಯೂ ಬಂದಿದ್ದಳು. ಅವನ ಹೆಂಡತಿ ಜಯಮ್ಮ ಕಾಫಿಗೆ ಇಟ್ಟಿದ್ದರು. ನಾನು ಟವೆಲು ಬಿಚ್ಚಿ ಅವನ ಕೈಗೆ ಕೊಟ್ಟೆ.

ಅವನು ಏನಿದು ಅಂತಲೂ ಕೇಳಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದ.

‘ಯಾರ್ ಮಾಡಿದ್ದು?’

‘ನಾನೇ’ ಅಂದೆ. ‘ಪೂರ್ತಿ ನಾನೇ.’

ಅವನು ಪೈಪಿನ ತುದಿಯ ಮೇಲೆ ಬೆರಳಾಡಿಸಿದ. ‘ಈ ಕಟಿಂಗ್ ನಿಂದಲ್ಲ ಬುಡ್ಲಾ ಸೀನ. ಕಾಲೇಜಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ್ರೂ ಸೊಟ್ಟ ಬರೋದು ನಿಂದು.’ ನಕ್ಕ. ‘ಇವತ್ತು ಸೈಕಲ್ ನೀನೇ ತುಳೀಬೇಕು.’

ಏನಪ್ಪಾ ಅದು ಸೈಕಲ್ಲು ಅಂತ ಪಲ್ಲವಿ ಕೇಳಿದಳು. ಅವನು ಕಾನೂನು ವಿವರಿಸಿದ. ಆ ದಿನದ್ದು ಹೇಳಲಿಲ್ಲ. ಹಾಗಾಗಿ ಅದನ್ನು ನಾನೇ ಹೇಳಿದೆ, ಎಮ್ಮೆಯ ಸಮೇತ. ಹೇಳುವಾಗ ಪಲ್ಲವಿಯ ಮುಖ ನೋಡುವುದಕ್ಕೆ ಧೈರ್ಯವಾಗಲಿಲ್ಲ. ‘ತಪ್ಪಾಯ್ತು ಕಣೋ ನಂಜ’ ಅಂದೆ.

ಅವನು ದುರ್ಬೀನನ್ನು ಅಂಗೈಯಲ್ಲಿ ತೂಗಿದ. ‘ಹಗುರಾಯ್ತು. ಇಷ್ಟು ಹಗುರ ಇರ್ಲಿಲ್ಲ ಅದು’ ಅಂದ. ಹಿಂದಿನ ಎಂಡ್ ಕ್ಯಾಪಿಗೆ ಯೋಗೀಶ ಸಲ್ಯೂಷನ್ ಹಚ್ಚಿರಲಿಲ್ಲ. ನಂಜುಂಡ ಅದನ್ನು ತಿರುಪಿ ತೆಗೆದು, ‘ಜಯ, ಒಂದು ಸೇರು ರಾಗಿ ತತ್ತಾ’ ಅಂದ. ಹಿಡಿ ಹಿಡಿಯಾಗಿ ರಾಗಿ ತುಂಬಿದ, ತೂಗಿದ, ಇನ್ನೊಂದು ಹಿಡಿ ಹಾಕಿದ. ಕ್ಯಾಪು ಮುಚ್ಚಿ ಭುಜದ ಎತ್ತರಕ್ಕೆ ಹಿಡಿದ. ‘ಹಾಂ. ಈಗ ಸರಿ ಹೋಯ್ತು’ ಅಂತ ಕಣ್ಣಿಗಿಟ್ಟುಕೊಂಡ.

ಒಳಗೆ ಕುತ್ತಿಗೆವರೆಗೂ ರಾಗಿ. ಏನು ಕಾಣುತ್ತದೆ? ಆದರೂ ಅವನು ಬಹಳ ಹೊತ್ತು ನೋಡಿದ. ಹಾಗೇ ಕಣ್ಣಿಟ್ಟುಕೊಂಡೇ ಮಾತು ಶುರು ಮಾಡಿದ.

‘ಗುರುಪಾದ ಅಂತ ಒಬ್ಬ ಇದ್ದ, ಬಿಜಾಪುರದ ಕಡೆಯೋನು. ಅಲ್ಲಿ ಕನ್ನಡ ಬರ್ತಿದ್ದೋರು ನಾವಿಬ್ಬರೇ. ರಾತ್ರಿ ಮೇಲಿನ ಪೋಸ್ಟಲ್ಲಿ ನಂದು ಡ್ಯೂಟಿ. ಬದ್ಲಿಗೆ ಅವನು ಬರ್ಬೇಕು. ಬರೋದು ಇದರಲ್ಲಿ ಕಾಣ್ತಿತ್ತು, ಹಸಿರಾಗಿ. ನಾನು ನೋಡ್ತಿರ್ತೀನಿ ಅಂತ ಅವನಿಗೆ ಗೊತ್ತು. ದಿನಾ ಆ ತಿರುವಿಗೆ ಬಂದಾಗ ಕೈ ಎತ್ತೋನು. ಆವತ್ತೂ ಕೈ ಎತ್ತಿದ. ಇನ್ನೊಂದು ಹೆಜ್ಜೆ ಇಟ್ಟ. ಆಮೇಲೆ ಕಾಣ್ಲಿಲ್ಲ. ಹಿಮ ಜಾರಿತ್ತು. ಬೆಳಿಗ್ಗೆ ಸಿಕ್ಕಿದ.’

ಜಯಮ್ಮ ಕಾಫಿಯ ತಟ್ಟೆ ಹಿಡಿದು ಹೊಸಿಲ ಮೇಲೇ ನಿಂತಿದ್ದರು.

‘ಅದಾಗಿ ಇಪ್ಪತ್ತು ದಿನಕ್ಕೆ ರಜ ಕೊಟ್ರು. ನಿಮಗೆ ಹೇಳಾನ ಅಂತ ಬಂದೆ’ ಅಂದ ನಂಜುಂಡ.

ಇನ್ನೊಂದು ಹೇಳೋದಿತ್ತು ಕಣ್ರೋ ಅಂದಿದ್ದನಲ್ಲ, ಇದು ಅದು. ಅವನ ಎದುರಿಗೆ ನಾವು ಮೂವರು ಎತ್ತಿಕೊಂಡಿದ್ದ ಕೈ ನೆನಪಾಯಿತು. ನನಗೆ ಅಳು ತಡೆಯಲಾಗಲಿಲ್ಲ. ಪಲ್ಲವಿ ಎದ್ದು ಹೋಗಿ ಅಪ್ಪನ ಪಕ್ಕ ಕೂತಳು. ‘ಗುರುಪಾದ ಅಂಕಲ್ ನೋಡೋಕೆ ಹೆಂಗಿದ್ರಪ್ಪ?’ ಅಂತ ಕೇಳಿದಳು. ಅವನು ಹೇಳಿದ. ಗುರುಪಾದ ಮಾಡುತ್ತಿದ್ದ ಜೋಳದ ರೊಟ್ಟಿ, ಅವನ ಹಾಳು ಗೊರಕೆ, ಕನ್ನಡದಲ್ಲಿ ಬೈದುಕೊಂಡರೆ ಸಾಹೇಬರಿಗೆ ಅರ್ಥವಾಗುವುದಿಲ್ಲ ಅಂತ ಇಬ್ಬರೂ ನಗುತ್ತಿದ್ದದ್ದು, ಎಲ್ಲ. ಎರಡು ಸಲ ಕಾಫಿ ಆಯಿತು. ಮಧ್ಯದಲ್ಲಿ ಅವನೇ, ‘ನಿನ್ ಸ್ಕೂಲಿಗೆ ಯಾವತ್ತಮ್ಮ ಬರ್ಬೇಕು? ಇದನ್ನೂ ತರ್ತೀನಿ. ರಾಗಿ ತೆಗೀಬ್ಯಾಡಿ’ ಅಂದ.

ಹೊರಡುವಾಗ ಶಿಕ್ಷೆ ನೆನಪಿಸಿದವನು ನಾನೇ. ಅವನ ಸೈಕಲ್ ತಳ್ಳಿಕೊಂಡು ಏರಿನ ಬುಡದವರೆಗೆ ಹೋದೆವು. ಊರಿನ ಕಡೆಗೆ ತಿರುಗಿಸಿಕೊಂಡು ನಾನು ಹತ್ತಿದೆ. ಅವನು ಹಿಂದೆ ಕೂತ, ತೊಡೆಯ ಮೇಲೆ ದುರ್ಬೀನು. ನಾಲ್ಕು ತುಳಿತಕ್ಕೆ ಮಂಡಿ ಕಟಕಟ ಅಂದಿತು. ಹತ್ತು ತುಳಿತಕ್ಕೆ ಎದೆ ಹೊಡೆದುಕೊಳ್ಳತೊಡಗಿತು. ಅವನು ಸಿಳ್ಳೆ ಹೊಡೆಯಲಿ ಅಂತ ಕಾದೆ. ಹೊಡೆಯಲಿಲ್ಲ. ಅರ್ಧ ಏರು ಬರುವ ಹೊತ್ತಿಗೆ ಸೈಕಲ್ಲು ಇದ್ದಕ್ಕಿದ್ದಂತೆ ಹಗುರಾಯಿತು. ತಿರುಗಿ ನೋಡಿದರೆ ಅವನು ಇಳಿದಿದ್ದ. ‘ಸಾಕು ಬುಡ್ಲಾ, ನಡ್ಕೊಂಡೇ ಹೋಗಾನ’ ಅಂತ ಒಂದು ಕೈಯಲ್ಲಿ ಕ್ಯಾರಿಯರ್ ಹಿಡಿದು ಹಿಂದಿನಿಂದ ತಳ್ಳತೊಡಗಿದ.

ಇಳಿಯುವುದು ಅಷ್ಟು ಸುಲಭವಿತ್ತು. ಮೂವತ್ತೇಳು ವರ್ಷದ ಹಿಂದೆ ಇದೇ ಏರಿನಲ್ಲಿ ನಾನ್ಯಾಕೆ ಇಳಿಯಲಿಲ್ಲ?